ಯಾವ ರಾವ್?

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ‘ರಾವ್ ಬಂದಿದ್ದರು’ ಎಂದು ಯಾರಾದರೂ ಹೇಳಿದರೆ ಕೇಳಿದವರಿಗೆ ಏನೂ ಗೊತ್ತಾಗುವುದಿಲ್ಲ. ‘ಯಾವ ರಾವ್?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಆಗ ಊರಿನ ಹೆಸರೋ ಮನೆಯ ಹೆಸರೋ ಹೊರಬೀಳುತ್ತದೆ, ಗುರುತು ಹತ್ತುತ್ತದೆ. ಈ ಮರುಪ್ರಶ್ನೆ ಕೇಳುವ ಅಭ್ಯಾಸ ಕಾಸರಗೋಡಿನ ಕನ್ನಡಿಗರಿಗೆ ಎಳವೆಯಿಂದಲೇ ಬಂದಿದೆ. ಆದರೆ ಸಂಗೀತಗಾರರು, ವಿಜ್ಞಾನಿಗಳು, ರಾಜಕಾರಣಿಗಳನ್ನು ಕುಲನಾಮದ ಪ್ರಕಾರ ಜೋಡಿಸಿದ ಪಟ್ಟಿಯನ್ನು ಓದುವಾಗ ಮಾತ್ರ ನಾವು ಅದನ್ನು ಕೇಳುವುದೇ ಇಲ್ಲ.

ಅಂಥ ಪಟ್ಟಿಯಲ್ಲಿ ನಮ್ಮ ಗಾಯಕ ಪಿ. ಕಾಳಿಂಗ ರಾವ್, ತೆಲುಗಿನ ಘಂಟಸಾಲ ವೆಂಕಟೇಶ್ವರ ರಾವ್, ಉಪಗ್ರಹ ವಿಜ್ಞಾನಿ ಯು.ಆರ್. ರಾವ್, ಪ್ರಧಾನಿಯಾಗಿದ್ದ ಪಿ.ವಿ. ನರಸಿಂಹ ರಾವ್, ಹಿಂದಿ ನಟ ರಾಜ್‌ಕುಮಾರ್ ರಾವ್ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಂದೇ ಮನೆತನದ ಕವಲುಗಳಿರಬೇಕು ಎಂದು ಓದುಗನಿಗೆ ಅನ್ನಿಸುತ್ತದೆ. ಇವರು ಯಾರೂ ಒಬ್ಬರಿಗೊಬ್ಬರು ನೆಂಟರಲ್ಲ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಇವರಲ್ಲಿ ಕೆಲವರಿಗೆ ರಾವ್ ಎಂಬುದು ಕುಲನಾಮವೇ ಅಲ್ಲ. ಒಂದೇ ಪದ ಒಂದೊಂದು ಸೀಮೆಯಲ್ಲಿ ಒಂದೊಂದು ಕೆಲಸ ಮಾಡುತ್ತದೆ. ಕನ್ನಡ, ತುಳು, ಕೊಂಕಣಿ, ಮರಾಠಿ, ಮಲಯಾಳ ಐದೂ ಕಿವಿಗೆ ಬೀಳುವ ಕಾಸರಗೋಡಿನಲ್ಲಿ ಕುಳಿತು ಇದನ್ನು ಬಿಡಿಸಿ ನೋಡುವುದು ಸುಲಭ.

ಹುದ್ದೆಯ ಬೆನ್ನು ಹಿಡಿದು ಬಂದ ಹೆಸರು

ರಾಜ ಎಂಬ ಪದ ಪ್ರಾಕೃತದ ದಾರಿಯಲ್ಲಿ ಸವೆದು ರಾಯ, ರಾವ್, ರೈ, ರಾಯ್ ಎಂಬ ರೂಪಗಳನ್ನು ತಾಳಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ‘ರೈ’ಗೂ ರಾವ್‌ಗೂ ಬೇರು ಒಂದೇ, ಬೆಳೆದ ಸಮುದಾಯಗಳು ಬೇರೆ. ವಿಜಯನಗರದ ಅರಸರಿಗೆ ‘ರಾಯ’ ಎಂಬುದು ಪಟ್ಟದ ಬಿರುದು. ಮುಂದೆ ದಖ್ಖಣದ ಸುಲ್ತಾನರು, ಮರಾಠರು, ನಿಜಾಮರು ಆಳಿದ ಸೀಮೆಗಳಲ್ಲಿ ಕಂದಾಯ, ಲೆಕ್ಕಪತ್ರ, ಸೇನೆ, ಜಮೀನ್ದಾರಿಕೆಯ ಸ್ಥಾನಗಳಲ್ಲಿದ್ದ ಗಂಡಸರ ಹೆಸರಿಗೆ ಅದು ಮರ್ಯಾದೆಯ ಗುರುತಾಗಿ ಅಂಟಿಕೊಂಡಿತು. ಬ್ರಿಟಿಷರು ಕೂಡ ಅದನ್ನು ಬಿಡಲಿಲ್ಲ. ‘ರಾವ್ ಸಾಹೇಬ್’, ‘ರಾವ್ ಬಹದ್ದೂರ್’ ಎಂಬ ಬಿರುದುಗಳನ್ನು ಯಾವ ಕುಲನಾಮದವರಿಗೂ ಕೊಟ್ಟರು.

ಬಿರುದು ಹುದ್ದೆಯ ಹಿಂದೆ ಹೋಗುತ್ತದೆ, ಜಾತಿಯ ಹಿಂದೆಯೇ ಹೋಗಬೇಕೆಂದಿಲ್ಲ. ಆದ್ದರಿಂದಲೇ ಇಂದು ದೇಶಸ್ಥ ಬ್ರಾಹ್ಮಣರಲ್ಲಿ, ಸಾರಸ್ವತರಲ್ಲಿ, ಶಿವಳ್ಳಿಯವರಲ್ಲಿ, ರಾಮಕ್ಷತ್ರಿಯರಲ್ಲಿ, ಆಂಧ್ರದ ಕಮ್ಮ ಮತ್ತು ವೆಲಮರಲ್ಲಿ, ಮರಾಠರಲ್ಲಿ, ಹರಿಯಾಣದ ಅಹೀರರಲ್ಲಿ ರಾವ್‌ಗಳಿದ್ದಾರೆ. ‘ರಾವ್ ಎಂದರೆ ಇಂಥ ಜಾತಿ’ ಎಂದು ಬೆರಳು ಮಡಿಸಿ ಹೇಳುವವರ ಮಾತು ಅವರವರ ಊರಿನ ಗಡಿಯೊಳಗೆ ಮಾತ್ರ ಸಲ್ಲುತ್ತದೆ.

ಈ ಹೆಸರು ಎಷ್ಟು ದೂರ ನಡೆದಿದೆ ಎಂಬುದಕ್ಕೆ ಕೇರಳದ ರಾಜಧಾನಿಯಲ್ಲೇ ಸಾಕ್ಷಿಯಿದೆ. ಕಾಸರಗೋಡಿನಿಂದ ರಾತ್ರಿಯಿಡೀ ರೈಲಿನಲ್ಲಿ ಕುಳಿತು ತಿರುವನಂತಪುರದ ಸೆಕ್ರೆಟೇರಿಯಟ್ಟಿಗೆ ಹೋಗುವವರು ಇಳಿಯುವ ಬಸ್ ನಿಲ್ದಾಣದ ಹೆಸರು ‘ಸ್ಟ್ಯಾಚ್ಯೂ’. ಅಲ್ಲಿರುವ ಪ್ರತಿಮೆ ಟಿ. ಮಾಧವ ರಾಯರದು. ಟಿ. ಎಂದರೆ ತಂಜಾವೂರು. ತಂಜಾವೂರಿನ ಮರಾಠಾ ಅರಸೊತ್ತಿಗೆಯ ಕಾಲದಲ್ಲಿ ತಮಿಳು ನೆಲದಲ್ಲಿ ನೆಲೆಸಿದ ಮರಾಠಿ ಕುಟುಂಬಗಳ ಪೈಕಿ ಒಂದರಲ್ಲಿ ಹುಟ್ಟಿದ ಇವರು ತಿರುವಾಂಕೂರಿಗೆ ದಿವಾನರಾದರು, ಬಳಿಕ ಇಂದೋರಿಗೆ, ಬರೋಡಾಕ್ಕೆ ಹೋದರು. ಮನೆಮಾತು ಮರಾಠಿ, ಹುಟ್ಟಿದ್ದು ತಮಿಳುನಾಡು, ಹೆಸರು ಮಾಡಿದ್ದು ಮಲಯಾಳದ ನೆಲದಲ್ಲಿ. ಆಡಳಿತಗಾರರ ಜೊತೆ ಹೆಸರೂ ಹೀಗೆಯೇ ವಲಸೆ ಹೋಗುತ್ತಿತ್ತು.

ರಾವ್ ಎಲ್ಲಿ ಕೂರುತ್ತದೆ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಬ್ಬರ ಹೆಸರಿನಲ್ಲಿ ರಾವ್ ಯಾವ ಜಾಗದಲ್ಲಿದೆ, ಅದು ಮಗನಿಗೆ ಹೋಗುತ್ತದೆಯೇ ಎಂಬ ಎರಡು ಪ್ರಶ್ನೆ ಕೇಳಿದರೆ ಗೊಂದಲದ ಹೆಚ್ಚಿನ ಪಾಲು ಕರಗುತ್ತದೆ.

ತೆಲುಗಿನವರಲ್ಲಿ ಮನೆಯ ಹೆಸರು ಮೊದಲು ಬರುತ್ತದೆ. ಅವರು ಅದನ್ನು ‘ಇಂಟಿ ಪೇರು’ ಎನ್ನುತ್ತಾರೆ. ರಾವ್ ಕೊನೆಯಲ್ಲಿ ಬಂದರೂ ಅದು ವ್ಯಕ್ತಿಯ ಸ್ವಂತ ಹೆಸರಿನ ಬಾಲ ಮಾತ್ರ. 1957ರಲ್ಲಿ ಬಂದ ‘ಮಾಯಾಬಜಾರ್’ ಚಿತ್ರ ಇದನ್ನು ಅರ್ಥ ಮಾಡಿಕೊಳ್ಳಲು ಹೇಳಿ ಮಾಡಿಸಿದ ಉದಾಹರಣೆ. ಕೃಷ್ಣನಾಗಿ ನಂದಮೂರಿ ತಾರಕ ರಾಮರಾವ್, ಅಭಿಮನ್ಯುವಾಗಿ ಅಕ್ಕಿನೇನಿ ನಾಗೇಶ್ವರ ರಾವ್, ಘಟೋತ್ಕಚನಾಗಿ ಸಾಮರ್ಲ ವೆಂಕಟ ರಂಗರಾವ್, ಬಲರಾಮನಾಗಿ ಗುಮ್ಮಡಿ ವೆಂಕಟೇಶ್ವರ ರಾವ್. ಮಾತು ಮತ್ತು ಹಾಡುಗಳನ್ನು ಬರೆದವರು ಪಿಂಗಳಿ ನಾಗೇಂದ್ರ ರಾವ್. ಸಂಗೀತವನ್ನು ಆರಂಭಿಸಿದವರು ಸಾಲೂರಿ ರಾಜೇಶ್ವರ ರಾವ್. ನಾಲ್ಕು ಹಾಡುಗಳಿಗೆ ರಾಗ ಕಟ್ಟಿ ಅವರು ಹೊರಬಂದ ಮೇಲೆ ಉಳಿದ ಕೆಲಸವನ್ನು ಪೂರೈಸಿದವರು ಘಂಟಸಾಲ ವೆಂಕಟೇಶ್ವರ ರಾವ್. ಒಂದೇ ಚಿತ್ರದಲ್ಲಿ ಏಳು ರಾವ್‌ಗಳು! ಏಳೂ ಬೇರೆಬೇರೆ ಮನೆಗಳು, ಒಂದಕ್ಕಿಂತ ಹೆಚ್ಚು ಜಾತಿಗಳು. ಗುಮ್ಮಡಿ ಮತ್ತು ಘಂಟಸಾಲ ಇಬ್ಬರ ಸ್ವಂತ ಹೆಸರೂ ವೆಂಕಟೇಶ್ವರ ರಾವ್ ಎಂಬುದನ್ನು ಗಮನಿಸಿ. ಮನೆಯ ಹೆಸರನ್ನು ತೆಗೆದುಹಾಕಿದರೆ ಗಾಯಕ ಯಾರು, ನಟ ಯಾರು ಎಂದು ಬೇರ್ಪಡಿಸಲು ಏನೂ ಉಳಿಯುವುದಿಲ್ಲ.

ಮುಂದಿನ ತಲೆಮಾರನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟ. ನಾಗೇಶ್ವರ ರಾಯರ ಮಗ ಅಕ್ಕಿನೇನಿ ನಾಗಾರ್ಜುನ. ಅಕ್ಕಿನೇನಿ ಬಂತು, ರಾವ್ ಬರಲಿಲ್ಲ. ರಾಮರಾಯರ ಮಗ ನಂದಮೂರಿ ಬಾಲಕೃಷ್ಣ, ಅಲ್ಲಿಯೂ ಅಷ್ಟೇ. ರಾಜೇಶ್ವರ ರಾಯರ ಮಗ, ‘ಕೋಟಿ’ ಎಂದು ಹೆಸರಾದ ಸಂಗೀತ ನಿರ್ದೇಶಕ, ಸಾಲೂರಿ ಕೋಟೇಶ್ವರ ರಾವ್. ಇಲ್ಲಿ ರಾವ್ ಮತ್ತೆ ಕಾಣಿಸಿದ್ದು ತಂದೆಯಿಂದ ಬಂದ ಆಸ್ತಿಯಾಗಿ ಅಲ್ಲ, ಹೆತ್ತವರು ಇಟ್ಟ ಹೆಸರಿನ ಭಾಗವಾಗಿ. ಹೀಗಿರುವಾಗ ಘಂಟಸಾಲರನ್ನು ‘ರಾವ್ ಕುಲನಾಮದ ಗಾಯಕರು’ ಎಂಬ ತಲೆಬರಹದಡಿ ಹಾಕುವುದು ಅವರ ಮನೆತನವನ್ನು ಅಳಿಸಿಹಾಕಿದಂತೆ. ಅವರ ಕುಲನಾಮ ಘಂಟಸಾಲ. ತೆಲುಗು ನಾಡು ಅವರನ್ನು ಕರೆಯುವುದೂ ಹಾಗೆಯೇ.

ಮರಾಠಿಯಲ್ಲಿ ರಾವ್ ಹೆಸರಿನ ನಡುವೆ ಕೂರುತ್ತದೆ. ಗೌರವದಿಂದ ಕರೆಯುವಾಗ ಸ್ವಂತ ಹೆಸರಿಗೆ ಅದನ್ನು ಸೇರಿಸುತ್ತಾರೆ. ಕುಲನಾಮ ಬೇರೆಯೇ ಇರುತ್ತದೆ. ಕನ್ನಡ ಮಾತು ಇಂದಿಗೂ ಕೇಳಿಸುವ ಸಾಂಗ್ಲಿ, ಸೊಲ್ಲಾಪುರ, ಕೊಲ್ಲಾಪುರದ ಕಡೆಯ ಇಬ್ಬರು ಸಂಗೀತಗಾರರನ್ನೇ ತೆಗೆದುಕೊಳ್ಳೋಣ. ಮಿರಜಿನಲ್ಲಿ ಹುಟ್ಟಿ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ವಿನಾಯಕರಾವ್ ಪಟವರ್ಧನ, ಕೊಲ್ಲಾಪುರದ ರಂಗಗಾಯಕ ಕೇಶವರಾವ್ ಭೋಸಲೆ. ಭೋಸಲೆಯವರ ‘ಲಲಿತಕಲಾದರ್ಶ’ ನಾಟಕ ಮಂಡಳಿ ಹುಟ್ಟಿದ್ದು 1908ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ. ಇಬ್ಬರ ಹೆಸರಿನಲ್ಲೂ ರಾವ್ ಇದೆ, ಆದರೆ ಅಕ್ಷರಾನುಕ್ರಮದಲ್ಲಿ ಒಬ್ಬರನ್ನು ಪಟವರ್ಧನ ಎಂದೂ ಇನ್ನೊಬ್ಬರನ್ನು ಭೋಸಲೆ ಎಂದೂ ಹುಡುಕಬೇಕು.

ಹರಿಯಾಣದಲ್ಲಿ ಅದು ಹೆಸರಿನ ತಲೆಯ ಮೇಲೆಯೇ ಏರುತ್ತದೆ. 1857ರ ಹೋರಾಟದ ರೇವಾಡಿಯ ನಾಯಕ ರಾವ್ ತುಲಾರಾಮ್ ಆ ಬಗೆಯವರು. ನಟ ರಾಜ್‌ಕುಮಾರ್ ರಾವ್ ಆ ಸೀಮೆಯ ಗುರುಗ್ರಾಮದಲ್ಲಿ ರಾಜ್ ಕುಮಾರ್ ಯಾದವ್ ಆಗಿ ಹುಟ್ಟಿದವರು. ಮುಂದಿರುವ ರಾವ್ ಅವರ ಹೆಸರಿನಲ್ಲಿ ಹಿಂದಕ್ಕೆ ಬಂತು.

ಕರಾವಳಿಯಲ್ಲಿ ಮಾತ್ರ ರಾವ್ ನಿಜವಾದ ಅರ್ಥದಲ್ಲಿ ಕುಲನಾಮವಾಗಿದೆ. ಹೆಸರಿನ ಕೊನೆಯಲ್ಲಿ ನಿಲ್ಲುತ್ತದೆ, ತಂದೆಯಿಂದ ಮಕ್ಕಳಿಗೆ ಬರುತ್ತದೆ. ಆದರೂ ಇಲ್ಲಿಯೂ ಅದು ಒಂಟಿಯಾಗಿ ಯಾರನ್ನೂ ಗುರುತಿಸುವುದಿಲ್ಲ. ಕಾರಣವಿದೆ. ತುಳುನಾಡಿನ ಶಿವಳ್ಳಿಯವರಲ್ಲಿ ಕುಣಿಕುಳ್ಳಾಯ, ಬಲ್ಲುಳ್ಳಾಯ, ಕಕ್ಕಿಲ್ಲಾಯದಂಥ ಹಳೆಯ ಹೆಸರುಗಳಿವೆ. ಅವನ್ನು ಕೇಳಿದ ತಕ್ಷಣ ಮನೆತನ ಯಾವುದೆಂದು ಹೇಳಬಹುದು. ಕಾಸರಗೋಡಿನ ಬೇವಿಂಜೆಯಲ್ಲಿ ಹುಟ್ಟಿದ ಕಮ್ಯುನಿಸ್ಟ್ ನಾಯಕ ಬಿ.ವಿ. ಕಕ್ಕಿಲ್ಲಾಯರ ವಿಷಯದಲ್ಲಿ ‘ಯಾವ ಕಕ್ಕಿಲ್ಲಾಯ?’ ಎಂದು ಕೇಳುವವರು ಕಡಿಮೆ. ಇಂಥ ಹೆಸರುಗಳಿದ್ದ ಎಷ್ಟೋ ಮನೆಗಳವರು ಶಾಲೆಗೆ, ಕಚೇರಿಗೆ, ಪರವೂರಿಗೆ ಹೋಗುವ ಹೊತ್ತಿಗೆ ರಾವ್ ಎಂದೋ ಭಟ್ ಎಂದೋ ಬರೆಸಿಕೊಂಡರು. ಹೊರಗಿನವರಿಗೆ ಉಚ್ಚರಿಸಲು ಸುಲಭ, ಗುಮಾಸ್ತರಿಗೆ ಬರೆಯಲು ಸುಲಭ. ಅನುಕೂಲ ಹೆಚ್ಚಿತು, ಗುರುತು ತೆಳುವಾಯಿತು. ಆ ಹಳೆಯ ಹೆಸರುಗಳು ಬಳಕೆಯಿಂದ ಸರಿಯುತ್ತಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಹಿಂದಿನ ತಲೆಮಾರಿನ ಹೆಂಗಸರ ಹೆಸರಿನಲ್ಲಿ ರಾವ್ ಇರುತ್ತಿರಲಿಲ್ಲ. ರಾಯರ ಹೆಂಡತಿಯ, ಮಗಳ ಹೆಸರು ‘ಬಾಯಿ’ ಎಂದೋ ‘ಅಮ್ಮ’ ಎಂದೋ ಮುಗಿಯುತ್ತಿತ್ತು. ಮೂಲದಲ್ಲಿ ಅದು ಗಂಡಸಿನ ಮರ್ಯಾದೆಯ ಬಿರುದಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಹೆಣ್ಣುಮಕ್ಕಳು ಶಾಲೆ, ಕಾಲೇಜು, ವೇದಿಕೆ ಏರಿದ ಮೇಲೆ ಅದು ಅವರ ಹೆಸರಿಗೂ ಬಂತು. ಬೆಂಗಳೂರಿನ ಕಥಕ್ ಗುರು ಮಾಯಾ ರಾವ್ ಅಂಥವರು. ಠುಮ್ರಿ ಗಾಯಕಿ ವಿದ್ಯಾ ರಾವ್ ಅವರ ಮಗಳು, ನಟಿ ಅದಿತಿ ರಾವ್ ಹೈದರಿ, ತಾಯಿಯ ಕಡೆಯಿಂದ ರಾವ್ ಅನ್ನೂ ತಂದೆಯ ಕಡೆಯಿಂದ ಹೈದರಿಯನ್ನೂ ಪಡೆದಿದ್ದಾರೆ. ಚಿತ್ರ ನಿರ್ದೇಶಕಿ ಕಿರಣ್ ರಾವ್ ಅದಿತಿಯ ಸೋದರಸಂಬಂಧಿ. ಇಬ್ಬರ ಅಜ್ಜ ತೆಲಂಗಾಣದ ವನಪರ್ತಿ ಸಂಸ್ಥಾನದ ರಾಮೇಶ್ವರ ರಾವ್. ಪ್ರಸಿದ್ಧ ರಾವ್‌ಗಳ ನಡುವೆ ಹೀಗೆ ನಿಜವಾದ ರಕ್ತಸಂಬಂಧ ಸಿಗುವುದು ಅಪರೂಪ.

ಮುಂದಿರುವ ಊರು

ಕನ್ನಡ ಏಕೀಕರಣದ ಚರಿತ್ರೆ ಕಾಸರಗೋಡಿನವರಿಗೆ ಬಾಯಿಪಾಠ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಕರ್ನಾಟಕಕ್ಕೆ ಸೇರಬೇಕೆಂಬ ಕೂಗು ಅಂದಿನಿಂದಲೇ ಎದ್ದಿತು. ಮರು ವರ್ಷದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದವರು ಎಂ. ಉಮೇಶ ರಾವ್. ಈ ಚಳವಳಿಯ ಹಿರಿಯರ ಹೆಸರುಗಳನ್ನು ಒಮ್ಮೆ ಜೋಡಿಸಿ ನೋಡಿ. ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಬರೆದವರು ಹುಯಿಲಗೋಳ ನಾರಾಯಣ ರಾವ್. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಆ ಹಾಡು ಮೊಳಗಿತು. ಕರ್ನಾಟಕದ ಕುಲಪುರೋಹಿತರೆನಿಸಿದವರು ಆಲೂರು ವೆಂಕಟ ರಾವ್. ಅದೇ ಅಧಿವೇಶನದ ಹಿಂದಿನ ಶಕ್ತಿಯಾಗಿದ್ದವರು ಗಂಗಾಧರರಾವ್ ದೇಶಪಾಂಡೆ. ಮೊದಲ ಇಬ್ಬರಲ್ಲಿ ರಾವ್‌ನ ಮುಂದೆ ಊರು ನಿಂತಿದೆ. ಮೂರನೆಯವರಲ್ಲಿ ರಾವ್ ಸ್ವಂತ ಹೆಸರಿನೊಳಗೆ ಸೇರಿದೆ, ಕುಲನಾಮ ದೇಶಪಾಂಡೆ. ಮೂವರೂ ಮುಂಬೈ ಕರ್ನಾಟಕದವರು, ಆದರೂ ರಾವ್ ಒಂದೇ ರೀತಿಯದಲ್ಲ.

ಕನ್ನಡದ ರೂಢಿಯಲ್ಲಿ ಇವರನ್ನು ಗೌರವದಿಂದ ಹೇಳುವಾಗ ರಾವ್ ಮತ್ತೆ ತನ್ನ ಹಳೆಯ ರೂಪಕ್ಕೆ ತಿರುಗುತ್ತದೆ: ವೆಂಕಟರಾಯರು, ನಾರಾಯಣರಾಯರು, ಪಂಜೆ ಮಂಗೇಶರಾಯರು, ಕಾರ್ನಾಡು ಸದಾಶಿವರಾಯರು. ‘ಕಾಳಿಂಗರಾಯರ ಹಾಡು’ ಎಂದಾಗ ಸಿಗುವ ಆಪ್ತತೆ ‘ರಾವ್ ಅವರ ಹಾಡು’ ಎಂದರೆ ಸಿಗುವುದಿಲ್ಲ. ಕಾಳಿಂಗರಾಯರ ಹೆಸರಿನ ಮುಂದಿನ ‘ಪಿ’ ಪಾಂಡೇಶ್ವರ. 1914ರಲ್ಲಿ ಉಡುಪಿಯ ಕಡೆಯ ಆರೂರಿನಲ್ಲಿ ಹುಟ್ಟಿದ ಇವರು ನಾಟಕದ ರಂಗದಿಂದ ಹಾಡಿಗೆ ಬಂದರು, ಸಿನಿಮಾಕ್ಕೂ ಸಂಗೀತ ಕೊಟ್ಟರು. ಬೇಂದ್ರೆ, ಕುವೆಂಪು ಮೊದಲಾದವರ ಕವಿತೆಗಳನ್ನು ಪುಸ್ತಕದ ಪುಟದಿಂದ ಎತ್ತಿ ಜನರ ಬಾಯಿಗೆ ಹಾಕಿದ ಮೊದಲಿಗರಲ್ಲಿ ಇವರು ಮುಖ್ಯರು. ಮೋಹನ್ ಕುಮಾರಿ, ಸೋಹನ್ ಕುಮಾರಿ ಸೋದರಿಯರ ದನಿ ಜೊತೆಗೂಡಿದ ಅವರ ಹಾಡುಗಳು ನಮ್ಮ ಕಡೆಯ ಹಳೆಯ ರೇಡಿಯೊಗಳಲ್ಲಿ ಕೇಳಿದವರ ಕಿವಿಯಲ್ಲಿ ಇನ್ನೂ ಇವೆ. ಇಷ್ಟು ದೊಡ್ಡ ಗಾಯಕನ ಊರು ಒಂದೇ ಅಕ್ಷರಕ್ಕೆ ಇಳಿದಿರುವುದರಿಂದ ‘ಪಿ’ ಎಂದರೇನೆಂದು ಇಂದಿನ ಹುಡುಗರನ್ನು ಕೇಳಿದರೆ ಉತ್ತರ ಬರುವುದಿಲ್ಲ.

ಯಕ್ಷಗಾನ ಲೋಕ ಈ ತಪ್ಪನ್ನು ಮಾಡಿಲ್ಲ. ಅಲ್ಲಿ ಕಲಾವಿದನಿಗೆ ಊರೇ ಹೆಸರು. ‘ಶೇಣಿಯವರ ವಾಲಿ’ ಎಂದರೆ ಸಾಕು, ಗೋಪಾಲಕೃಷ್ಣ ಭಟ್ಟರೆಂದು ಬಿಡಿಸಿ ಹೇಳಬೇಕಿಲ್ಲ. ವೇಷ ಕಟ್ಟದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಕರಪತ್ರವನ್ನು ಕೈಯಲ್ಲಿ ಹಿಡಿದು ನೋಡಿ: ಭಾಗವತರು, ಚೆಂಡೆ, ಮದ್ದಳೆ, ಮುಮ್ಮೇಳ ಎಂದು ನಾಲ್ಕು ಸಾಲು, ಪ್ರತಿ ಸಾಲಿನಲ್ಲೂ ಊರು ಮೊದಲು, ಹೆಸರು ಆಮೇಲೆ, ಭಟ್ಟೋ ರಾವೋ ಶೆಟ್ಟಿಯೋ ಕೊನೆಗೆ. ಓದುವವರ ಕಣ್ಣು ಊರಿನ ಮೇಲೆಯೇ ನಿಲ್ಲುತ್ತದೆ.

ಹಿರಿಯಡಕ ಗೋಪಾಲ ರಾಯರು ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಮದ್ದಳೆಯ ಮಹಾನುಭಾವರು. 1919ರಲ್ಲಿ ಹುಟ್ಟಿ, ನೂರು ದಾಟಿ, 2020ರಲ್ಲಿ ತೀರಿಕೊಂಡರು. ಏರು ಮದ್ದಳೆಯ ನಾದಕ್ಕೆ ಅವರ ಹೆಸರು ಅಂಟಿಕೊಂಡಿದೆ; ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳಲ್ಲಿ ಅವರ ಕೈ ನುಡಿದಿದೆ. ಅವರ ಬಗ್ಗೆ ಮಾತನಾಡುವವರು ‘ರಾವ್’ ಎನ್ನುವುದಿಲ್ಲ, ‘ಹಿರಿಯಡಕದವರು’ ಎನ್ನುತ್ತಾರೆ.

ಇನ್ನು ನಮ್ಮ ಕುಂಬಳೆ ಸುಂದರ ರಾಯರು. ಈ ಬರಹದಲ್ಲಿ ಬರುವ ಎಲ್ಲ ರಾವ್‌ಗಳಲ್ಲಿ ನನಗೆ ಹೆಚ್ಚು ಹತ್ತಿರದವರು ಇವರೇ. 1934ರಲ್ಲಿ ಕುಂಬಳೆಯ ನೇಕಾರಿಕೆಯ ಕುಟುಂಬವೊಂದರಲ್ಲಿ ಹುಟ್ಟಿದರು. ಮನೆಯ ಮಾತು ಮಲಯಾಳ. ಆದರೆ ಅವರ ನಾಲಿಗೆಯ ಮೇಲೆ ಕನ್ನಡ ಕುಣಿದ ಬಗೆಯನ್ನು ಧರ್ಮಸ್ಥಳ ಮೇಳದ ಆಟಗಳಲ್ಲಿ, ತಾಳಮದ್ದಳೆಯ ಕೂಟಗಳಲ್ಲಿ ಕೇಳಿದವರು ಮರೆಯುವಂತಿಲ್ಲ. ಪ್ರಾಸ, ಅನುಪ್ರಾಸ ತಾವಾಗಿ ಬಂದು ಕೂರುತ್ತಿದ್ದವು, ಗದ್ಯಕ್ಕೆ ಪದ್ಯದ ನಡೆ ಬರುತ್ತಿತ್ತು. 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ಕರ್ನಾಟಕ ವಿಧಾನಸಭೆಗೂ ಆರಿಸಿ ಹೋದರು. ಕೇರಳದಲ್ಲಿರುವ ಊರಿನ ಹೆಸರು ಹೊತ್ತವರು ಕರ್ನಾಟಕದ ಶಾಸಕರಾದರು. 2022ರಲ್ಲಿ ಅವರು ಹೋದಾಗ ‘ಕುಂಬಳೆಯವರು ಹೋದರು’ ಎಂದೇ ಎಲ್ಲರೂ ಅಂದರು. ಬ್ರಾಹ್ಮಣರ ಹೆಸರೆಂದು ಕರಾವಳಿಯ ಹಲವರು ತಿಳಿದಿರುವ ರಾವ್ ಮಲಯಾಳ ಮನೆಮಾತಿನ ನೇಕಾರ ಮನೆಯ ಮಗನ ಹೆಸರಿನಲ್ಲಿ ಯಾವ ಕೊಸರೂ ಇಲ್ಲದೆ ನೆಲೆಸಿತ್ತು. ಜನ ಅವರನ್ನು ಗುರುತಿಸಿದ್ದು ಅದರಿಂದಲ್ಲ.

ಅದೇ ಕುಂಬಳೆ ಇನ್ನೊಂದು ದಾರಿಯಲ್ಲಿ ಜಗತ್ತನ್ನು ಸುತ್ತಿದೆ. ಕ್ರಿಕೆಟಿಗ ಅನಿಲ್ ಕುಂಬ್ಳೆ ಹುಟ್ಟಿದ್ದು ಬೆಂಗಳೂರಿನಲ್ಲಿ, ಕುಟುಂಬದ ಮೂಲ ಇದೇ ಊರು. ಅವರ ಹೆಸರಿನಲ್ಲಿ ಊರು ಮುಂದಿನಿಂದ ಹಿಂದಕ್ಕೆ ಸರಿದು ಕುಲನಾಮವಾಯಿತು. ಲಾರ್ಡ್ಸ್ ಮೈದಾನದ ಸ್ಕೋರ್ ಫಲಕದ ಮೇಲೂ ನಮ್ಮ ಊರು ಮೂಡಿತು.

ಊರು ಕುಲನಾಮವಾಗುವ ಈ ಪಲ್ಲಟಕ್ಕೆ ಬೆನಗಲ್ ಮನೆತನ ಇನ್ನೂ ಚೆನ್ನಾದ ನಿದರ್ಶನ. ಬ್ರಹ್ಮಾವರದ ಕಡೆಯ ಬೆನಗಲ್ ಎಂಬ ಹಳ್ಳಿಯ ಹೆಸರು ಹೊತ್ತ ಚಿತ್ರಾಪುರ ಸಾರಸ್ವತ ಕುಟುಂಬದ ಮೂವರು ಅಣ್ಣತಮ್ಮಂದಿರು: ಸಂವಿಧಾನ ರಚನೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮ ರಾವ್, ಪತ್ರಕರ್ತರೂ ಸಂವಿಧಾನ ಸಭೆಯ ಸದಸ್ಯರೂ ಆಗಿದ್ದ ಬೆನಗಲ್ ಶಿವ ರಾವ್. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಇಬ್ಬರು ಪದದ ಕೊನೆಗೆ ‘ಯು’ ಹಾಕಿದರು, ಮೂರನೆಯವರು ‘ಓ’ ಹಾಕಿದರು. ಒಂದೇ ತಾಯಿಯ ಮಕ್ಕಳು ಅಕ್ಷರಾನುಕ್ರಮದ ಪಟ್ಟಿಯಲ್ಲಿ ಎರಡು ಕುಟುಂಬಗಳಾಗಿಬಿಟ್ಟರು! ಅದೇ ಊರಿನ ಹೆಸರಿನ ಚಿತ್ರ ನಿರ್ದೇಶಕ ಶ್ಯಾಮ್ ಬೆನಗಲ್ ಅವರ ಹೆಸರಿನಲ್ಲಿ ರಾವ್ ಇಲ್ಲವೇ ಇಲ್ಲ. ಸದಾಶಿವರಾಯರ ಮುಂದಿದ್ದ ಕಾರ್ನಾಡು ಗಿರೀಶ ಕಾರ್ನಾಡರಲ್ಲಿ ಹಿಂದೆ ಬಂದದ್ದೂ ಹೀಗೆಯೇ. ಕುಲನಾಮದ ಪಟ್ಟಿ ಪರಕೀಯರನ್ನು ಒಟ್ಟಿಗೆ ತರುತ್ತದೆ, ಒಂದೇ ಊರಿನ ಬೇರಿನವರನ್ನು ಬೇರೆ ಮಾಡುತ್ತದೆ.

ಅಕ್ಷರಕ್ಕೆ ಇಳಿದ ಊರು

ವಿಜ್ಞಾನಕ್ಕೆ ಬಂದರೆ ಮೂವರು ರಾವ್‌ಗಳನ್ನು ಬೇರ್ಪಡಿಸುವುದು ಇನಿಶಿಯಲ್‌ಗಳು ಮಾತ್ರ. ಯು.ಆರ್. ಎಂದರೆ ಉಡುಪಿ ರಾಮಚಂದ್ರ. ಅದಮಾರಿನಲ್ಲಿ ಹುಟ್ಟಿ 1975ರಲ್ಲಿ ಆರ್ಯಭಟ ಉಪಗ್ರಹದ ನೇತೃತ್ವ ವಹಿಸಿದವರು. ಸಿ.ಎನ್.ಆರ್. ಎಂದರೆ ಚಿಂತಾಮಣಿ ನಾಗೇಶ ರಾಮಚಂದ್ರ. ಭಾರತರತ್ನ ಪಡೆದ ರಸಾಯನ ವಿಜ್ಞಾನಿ. ಸಿ.ಆರ್. ಎಂದರೆ ಕಲ್ಯಂಪೂಡಿ (ಇಂಗ್ಲಿಷಿನಲ್ಲಿ ಇದು ಶುರುವಾಗುವುದು ‘ಸಿ’ಯಿಂದ) ರಾಧಾಕೃಷ್ಣ. 1920ರಲ್ಲಿ ಹೂವಿನಹಡಗಲಿಯಲ್ಲಿ ತೆಲುಗು ಮನೆಯೊಂದರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ. ಉಡುಪಿ, ಚಿಂತಾಮಣಿ ಊರುಗಳು, ಕಲ್ಯಂಪೂಡಿ ತೆಲುಗಿನ ಮನೆಯ ಹೆಸರು. ವಿದೇಶದ ಪುಸ್ತಕಗಳಲ್ಲಿ ಕೊನೆಯ ಪದವನ್ನೇ ಕುಲನಾಮವೆಂದು ಹಿಡಿಯುವುದರಿಂದ ಸಿ.ಆರ್. ರಾಯರ 1945ರ ಸಂಶೋಧನೆ ‘ಕ್ರಾಮರ್–ರಾವ್’ ಎಂದು ಪ್ರಸಿದ್ಧವಾಯಿತು. ಸಂಖ್ಯಾಶಾಸ್ತ್ರ ಕಲಿಯುವ ಪ್ರತಿ ವಿದ್ಯಾರ್ಥಿಯ ಬಾಯಲ್ಲಿ ರಾವ್ ಇದೆ, ಅವರ ಮನೆಯ ಹೆಸರಾದ ಕಲ್ಯಂಪೂಡಿ ಇಲ್ಲ.

ಇಂಗ್ಲಿಷ್ ಅಕ್ಷರ ಮಾಡುವ ಇನ್ನೊಂದು ಎಡವಟ್ಟೂ ಇದೆ. ಚೀನದಲ್ಲಿಯೂ ರಾವ್ ಎಂಬ ಕುಲನಾಮವುಂಟು. ನೂರು ವರ್ಷ ಬಾಳಿ 2018ರಲ್ಲಿ ತೀರಿಕೊಂಡ ಹಾಂಗ್‌ಕಾಂಗಿನ ಮಹಾವಿದ್ವಾಂಸ ರಾವ್ ಝೊಂಗ್‌ಯಿ ಅಲ್ಲಿನ ಪುರಾತನ ತಂತಿವಾದ್ಯ ಗುಚಿನ್ ನುಡಿಸುತ್ತಿದ್ದವರು, 1963ರಲ್ಲಿ ಪುಣೆಯ ಭಂಡಾರ್ಕರ್ ಸಂಸ್ಥೆಗೆ ಬಂದು ಅಧ್ಯಯನ ಮಾಡಿದವರು. ಕುಲನಾಮಕ್ಕೂ ನಮ್ಮ ರಾಯರಿಗೂ ಯಾವ ಸಂಬಂಧವೂ ಇಲ್ಲ. ಚೀನೀ ಲಿಪಿಯಲ್ಲಿ ಬರೆದರೆ ಗೊಂದಲವೇ ಹುಟ್ಟುವುದಿಲ್ಲ.

ಕಾಸರಗೋಡಿನಲ್ಲಿ ಈ ಸಮಸ್ಯೆಗೆ ಇನ್ನೊಂದು ಪದರವಿದೆ. ಕೇರಳದ ರೂಢಿಯಲ್ಲಿ ಮನೆಯ ಹೆಸರು, ತಂದೆಯ ಹೆಸರು ಒಂದೆರಡು ಅಕ್ಷರಗಳಾಗಿ ಎಷ್ಟೋ ಸಲ ಹೆಸರಿನ ಹಿಂದೆ ಸೇರುತ್ತವೆ. ಕನ್ನಡ ಶಾಲೆಯ ದಾಖಲೆಯಲ್ಲಿ ಊರು, ಹೆಸರು, ರಾವ್ ಎಂದು ಬರೆಸಿದ್ದ ಮಗುವಿನ ಹೆಸರು ಮಲಯಾಳದ ನಮೂನೆಗೆ ಹೋದಾಗ ‘ರಾವು’ ಆಗುತ್ತದೆ. ಅಲ್ಲಿಂದ ಇಂಗ್ಲಿಷಿಗೆ ಹೋದಾಗ ಊರು ಅಕ್ಷರವಾಗುತ್ತದೆ, ಇಲ್ಲವೇ ಬಿಟ್ಟುಹೋಗುತ್ತದೆ. ಪಾಸ್‌ಪೋರ್ಟಿನ ಅರ್ಜಿ ಕುಲನಾಮವನ್ನು ಬೇರೆ ಅಂಕಣದಲ್ಲಿ ಕೇಳುತ್ತದೆ. ಅಲ್ಲಿ ರಾವ್ ಎಂದು ತುಂಬಿದರೆ ಹೆಸರಿನಲ್ಲಿ ಯಾರನ್ನೂ ಗುರುತಿಸದ ಭಾಗವೇ ಮುಖ್ಯವಾಗಿ, ಗುರುತಿಸುವ ಭಾಗ ಮೂಲೆಗೆ ಸೇರುತ್ತದೆ.

2021ರ ಜೂನ್‌ನಲ್ಲಿ ಕಾಸರಗೋಡಿನ ಕನ್ನಡ ಊರುಗಳ ಹೆಸರನ್ನು ಮಲಯಾಳೀಕರಿಸಲಾಗುತ್ತಿದೆ ಎಂಬ ಸುದ್ದಿ ಎರಡೂ ರಾಜ್ಯಗಳಲ್ಲಿ ದೊಡ್ಡದಾಯಿತು. ಕಾರಡ್ಕ, ಮಧೂರು, ಹೊಸದುರ್ಗದಂಥ ಹೆಸರುಗಳು ಚರ್ಚೆಗೆ ಬಂದವು. ಅಂಥ ಯಾವ ಕ್ರಮವೂ ಇಲ್ಲವೆಂದು ಕೇರಳ ಸರಕಾರ ಹೇಳಿತು. ಹೊರಗಿನವರಿಗೆ ಇದು ನಾಮಫಲಕದ ಜಗಳವೆಂದು ಕಂಡಿರಬಹುದು. ಊರಿನ ಹೆಸರನ್ನೇ ತನ್ನ ಹೆಸರಿನ ಮೊದಲ ಪದವಾಗಿ ಹೊತ್ತವರಿಗೆ ಅದು ಹಾಗೆ ಕಾಣಲು ಸಾಧ್ಯವಿಲ್ಲ. ಕುಂಬಳೆಯನ್ನು ಬದಲಿಸಿದರೆ ಸುಂದರ ರಾಯರ ಹೆಸರಿನಲ್ಲಿ ಉಳಿಯುವುದೇನು?

ಹಳೆಯ ತಾಳಮದ್ದಳೆ, ಆಟ, ಭಾವಗೀತೆ, ನಾಟಕ ಪದಗಳ ಧ್ವನಿಮುದ್ರಿಕೆಗಳನ್ನು ಈಗ ಕ್ಯಾಸೆಟ್‌ಗಳಿಂದ ಮೊಬೈಲಿಗೆ ಇಳಿಸಿ ಹಂಚುವವರು ಬಹಳ ಮಂದಿ ಇದ್ದಾರೆ. ಒಳ್ಳೆಯ ಕೆಲಸ, ನಾನೂ ಅವುಗಳನ್ನು ಕೇಳುತ್ತೇನೆ. ಅವರಲ್ಲಿ ಒಂದು ಬೇಡಿಕೆ: ಕಲಾವಿದರ ಹೆಸರು ಬರೆಯುವಾಗ ‘ಕೆ.ಎಸ್. ರಾವ್’, ‘ಎಚ್.ಜಿ. ರಾವ್’ ಎಂದು ಮೊಟಕು ಮಾಡಬೇಡಿ. ಕುಂಬಳೆ, ಹಿರಿಯಡಕ, ಪಾಂಡೇಶ್ವರ, ಘಂಟಸಾಲ ಎಂದು ಊರನ್ನೋ ಮನೆಯನ್ನೋ ಪೂರ್ತಿಯಾಗಿ, ಹೆಸರಿನ ಮೊದಲೇ ಬರೆಯಿರಿ. ಜಾಗ ಸಾಲದಿದ್ದರೆ ರಾವ್ ಅನ್ನು ಬಿಡಬಹುದು.